ಗೋಡೆಯಾಚೆಯ ನೆಟ್ ಕಳ್ಳ

ಷಡಕ್ಷರಪ್ಪನವರ ಮನೆಯ ನೆಮ್ಮದಿ ಕೆಡಿಸಿದ್ದು ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಹಸಿರು ದೀಪ.

ಆ ದೀಪ ಇದ್ದದ್ದು ಬ್ರಾಡ್‌ಬ್ಯಾಂಡಿನ ಪೆಟ್ಟಿಗೆಯಲ್ಲಿ. ಭದ್ರಾವತಿಯ ಅವರ ಮನೆಗೆ ಆ ಪೆಟ್ಟಿಗೆ ಬಂದು ಒಂದು ವಾರವಾಗಿತ್ತು. ಕಂಪನಿಯವನು ಅದನ್ನು ಟೆಲಿಫೋನಿನ ಪಕ್ಕದಲ್ಲಿ ಕೂರಿಸಿ, ವೈರು ಸಿಕ್ಕಿಸಿ, "ಆಫೀಸಿಂದ ಫೋನ್ ಬರುತ್ತೆ ಸಾರ್" ಎಂದು ಹೇಳಿ, ಕಾಫಿ ಕುಡಿದು ಹೋಗಿದ್ದ. ಫೋನ್ ಬರಲಿಲ್ಲ. ಆದರೆ ಅದೇ ಸಂಜೆ ಮಗಳು ಸ್ಫೂರ್ತಿ ಲ್ಯಾಪ್‌ಟಾಪ್ ತೆರೆದು ನೋಡಿದರೆ ನೆಟ್ ತಾನಾಗಿಯೇ ಬಂದುಬಿಟ್ಟಿತ್ತು. ಷಡಕ್ಷರಪ್ಪನವರಿಗೆ ಆಗಲೇ ಸಣ್ಣ ಅನುಮಾನ ಬಂದದ್ದು ನಿಜ. ಹೇಳಿದ್ದಕ್ಕಿಂತ ಮೊದಲೇ ಕೆಲಸ ಮಾಡಿಕೊಡುವ ಕಂಪನಿಯನ್ನು ಅವರು ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ. ಆದರೆ ಲಾಭವಾಗುವ ಕಡೆ ಅನುಮಾನವನ್ನು ಹೆಚ್ಚು ಎಳೆಯಬಾರದು ಎಂದು ಸುಮ್ಮನಾಗಿದ್ದರು.

ಇಲ್ಲವಾದರೆ ಅನುಮಾನ ಅವರ ಕಸುಬೇ ಆಗಿತ್ತು. ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ಮೇಲಿನವರ ಸಹಿ ಇಲ್ಲದೆ ಒಂದು ನಟ್ಟು ಕೂಡ ಅವರ ಕೈ ದಾಟಿ ಹೋದದ್ದಿಲ್ಲ. ಮನೆಯ ಟೆಲಿಫೋನಿಗೆ ಬೀಗ, ಸಕ್ಕರೆ ಡಬ್ಬಿಗೆ ಬೀಗ, ನೀರಿನ ಸಂಪಿಗೆ ಎರಡು ಬೀಗ. ಬೀಗ ಹಾಕಲು ಬಾರದ ವಸ್ತು ಅವರ ಮನೆಗೆ ಬಂದದ್ದು ಇದೇ ಮೊದಲು. ನೆಟ್ ಅನ್ನುವುದು ಗೋಡೆ ದಾಟಿ ಹೋಗುತ್ತದೆ, ಪಕ್ಕದ ಮನೆಯವರು ಕೂತಲ್ಲೇ ಅದನ್ನು ಕದಿಯಬಹುದು ಎಂದು ಪತ್ರಿಕೆಯ ಪುರವಣಿಯಲ್ಲಿ ಓದಿದ ದಿನದಿಂದ ಅವರಿಗೆ ಊಟ ಸೇರಿರಲಿಲ್ಲ.

ಆ ಶನಿವಾರ ರಜೆ ಹಾಕಿದ್ದರು. ಸ್ಫೂರ್ತಿ ಬ್ಯಾಂಕ್ ಕೆಲಸಕ್ಕೆ ಅರ್ಜಿ ತುಂಬುವುದಕ್ಕೆ ಅಂದೇ ಕೊನೆಯ ದಿನ, ಸಂಜೆ ಐದಕ್ಕೆ ಮುಚ್ಚುತ್ತಿತ್ತು. ಎರಡು ವರ್ಷದಿಂದ ಓದುತ್ತಿದ್ದ ಹುಡುಗಿ. ಸೈಬರ್ ಸೆಂಟರಿನಲ್ಲಿ ಮುಗಿಸಿ ಬರುತ್ತೇನೆಂದರೆ ಅಪ್ಪ ಬಿಟ್ಟಿರಲಿಲ್ಲ. ಅಲ್ಲಿ ಹಿಂದೆ ನಿಂತು ಪಾಸ್‌ವರ್ಡ್ ನೋಡಿಕೊಳ್ಳುತ್ತಾರೆ ಎಂದು ಅದೇ ಪುರವಣಿಯಲ್ಲಿ ಇತ್ತು. ಅದಕ್ಕಾಗಿಯೇ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದು.

ಬೆಳಿಗ್ಗೆ ಸ್ನಾನ ಮುಗಿಸಿ ವಿಭೂತಿ ಇಟ್ಟುಕೊಂಡು ಬಂದವರು ಪೆಟ್ಟಿಗೆ ನೋಡಿದರು. ಹಸಿರು ದೀಪ ಮಿಣುಕುತ್ತಿತ್ತು.

"ಸ್ಫೂರ್ತಿ, ನೆಟ್ ಹಾಕಿದ್ಯೇನಮ್ಮಾ?"

"ಇಲ್ಲಪ್ಪ. ತಿಂಡಿ ತಿಂತಿದೀನಿ. ಲ್ಯಾಪ್‌ಟಾಪ್ ಇನ್ನೂ ಬ್ಯಾಗಲ್ಲೇ ಇದೆ."

ಷಡಕ್ಷರಪ್ಪನವರು ಪೆಟ್ಟಿಗೆಯ ಮೇಲೆ ಬಗ್ಗಿದರು. "ಹಾಗಾದ್ರೆ ಈ ದೀಪ ಯಾಕೆ ಮಿಣುಕ್ತಿದೆ? ಯಾರೋ ಎಳೀತಿದಾರೆ. ನಾವು ಮಲಗಿದ್ರೂ ಮಿಣುಕುತ್ತೆ, ಎದ್ರೂ ಮಿಣುಕುತ್ತೆ. ಇದು ಇಪ್ಪತ್ನಾಲ್ಕು ಗಂಟೆ ಕಳ್ಳತನ!"

ಹೆಂಡತಿ ಜಯಶೀಲಾ ದೋಸೆ ಮಗುಚುತ್ತಾ, "ಮಿಣುಕಿದ್ರೆ ಮಿಣುಕ್ಲಿ ಬಿಡಿ, ದೀಪ ಅಲ್ವಾ" ಎಂದರು. ಈ ಮಾತಿಗೆ ಉತ್ತರ ಕೊಡುವಷ್ಟು ಬೆಲೆ ಇದೆ ಎಂದು ಷಡಕ್ಷರಪ್ಪನವರಿಗೆ ಅನಿಸಲಿಲ್ಲ.

ಸ್ಫೂರ್ತಿ ಲ್ಯಾಪ್‌ಟಾಪ್ ತೆರೆದಳು. ಬ್ಯಾಂಕಿನ ಪುಟ ಅರ್ಧ ತೆರೆದು ನಿಂತಿತು. ಮಧ್ಯದಲ್ಲಿ ಒಂದು ಚಕ್ರ ಸುತ್ತತೊಡಗಿತು, ಸುತ್ತುತ್ತಲೇ ಇತ್ತು.

"ನೋಡಿದ್ಯಾ? ನಮಗೆ ಏನೂ ಉಳಿಸಿಲ್ಲ!"

"ಕೊನೇ ದಿನ ಅಲ್ವಾಪ್ಪ, ಎಲ್ರೂ ತುಂಬ್ತಿರ್ತಾರೆ. ಅಷ್ಟು ಅನುಮಾನ ಇದ್ರೆ ಒಂದು ಪಾಸ್‌ವರ್ಡ್ ಹಾಕಿಸ್ಬಿಡಿ."

"ಬಾಗಿಲು ಹಾಕ್ಬಿಟ್ರೆ ಕಳ್ಳ ಸಿಗೋದು ಹೇಗೆ? ಮೊದಲು ಹಿಡೀಬೇಕು, ಆಮೇಲೆ ಬೀಗ" ಎಂದು ಷಡಕ್ಷರಪ್ಪನವರು ಅಂಗಿ ಹಾಕಿಕೊಂಡು ಹೊರಬಿದ್ದರು.

ಎದುರುಮನೆಯ ಶೇಷಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಪ್ಪತ್ತು ದಾಟಿದ ಆ ಮುದುಕಿಯನ್ನೂ ಷಡಕ್ಷರಪ್ಪ ಬಿಡಲಿಲ್ಲ. ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಏನಾದರೂ ಇದೆಯೇ ಎಂದು ಸುತ್ತಿ ಬಳಸಿ ಕೇಳಿದರು. ಶೇಷಮ್ಮ ಅವರೆಕಾಯಿ ಕೆಳಗಿಟ್ಟರು.

"ನಾನೇ ನಿಮ್ಮನ್ನ ಕೇಳ್ಬೇಕು ಅಂತಿದ್ದೆ ಷಡಕ್ಷರಪ್ಪನೋರೇ. ನಿಮ್ಮನೆಗೆ ಆ ಪೆಟ್ಟಿಗೆ ಬಂದಾಗಿಂದ ನಮ್ಮ ಟಿವಿ ಸರಿಯಾಗಿ ಬರ್ತಿಲ್ಲ. ಮೊನ್ನೆ ಹಾಲು ಬೇರೆ ಒಡೀತು. ಅದರಿಂದ ಏನೋ ಹೊರಗೆ ಬರುತ್ತಂತಲ್ಲ, ಕಣ್ಣಿಗೆ ಕಾಣದ್ದು?"

ಅನುಮಾನ ಪಡಲು ಹೋದವರು ಅನುಮಾನಕ್ಕೆ ಗುರಿಯಾಗಿ ಅಲ್ಲಿಂದ ಜಾಗ ಖಾಲಿ ಮಾಡಿದರು. ಬೀದಿಯ ತುದಿಯಲ್ಲಿ ಸಿಕ್ಕವರು ಭೈರಪ್ಪ. ಕಾರ್ಖಾನೆಯ ಗೇಟಿನಲ್ಲಿ ಕಾವಲಿದ್ದು ನಿವೃತ್ತರಾದವರು. ಗೇಟು ಹೋದರೂ ಸೀಟಿ ಜೇಬಿನಲ್ಲೇ ಇತ್ತು. ತಪಾಸಣೆ ಮಾಡಲು ಯಾರೂ ಸಿಗದೆ ಕೊರಗುತ್ತಿದ್ದ ಮನುಷ್ಯನಿಗೆ ಷಡಕ್ಷರಪ್ಪನವರ ಮಾತು ಕೇಳಿ ಮುಖದಲ್ಲಿ ಕಳೆ ಬಂತು.

"ಸುಲಭ ಸಾರ್. ನಾನು ರೋಡಲ್ಲಿ ನಿಂತ್ಕೊತೀನಿ. ಸೀಟಿ ಊದಿದ ಕೂಡ್ಲೇ ನೀವು ಪೆಟ್ಟಿಗೆ ಸ್ವಿಚ್ ಆರ್ಸಿ. ಯಾರ ಮನೇಲಿ ಗಲಾಟೆ ಏಳುತ್ತೋ ಅವನೇ ಕಳ್ಳ. ಕಾರ್ಖಾನೇಲಿ ಹೀಗೇ ಎಷ್ಟು ಜನನ ಹಿಡಿದಿಲ್ಲ ನಾನು!"

ಸೀಟಿ ಕೇಳಿತು. ಷಡಕ್ಷರಪ್ಪ ಸ್ವಿಚ್ ಆರಿಸಿ ಗೇಟಿಗೆ ಓಡಿದರು. ಆ ಕ್ಷಣಕ್ಕೇ ಪಕ್ಕದ ಮನೆಯಿಂದ, "ಅಯ್ಯಯ್ಯೋ, ಹೋಯ್ತಲ್ಲ!" ಎಂಬ ಆರ್ತನಾದ ಎದ್ದಿತು. ಭೈರಪ್ಪ ಮೀಸೆಯ ಮೇಲೆ ಕೈಯಾಡಿಸಿ ಆ ಕಡೆ ಕಣ್ಣು ಮಾಡಿದರು.

ಅದು ರೇಣುಕಾಪ್ರಸಾದರ ಮನೆ. ಶಿವಮೊಗ್ಗದ ಕಾಲೇಜೊಂದರಲ್ಲಿ ಉಪನ್ಯಾಸಕರು, ದಿನಾ ರೈಲಿನಲ್ಲಿ ಓಡಾಡುವವರು, ಎದುರು ಸಿಕ್ಕರೆ ನಗುವವರು. ಆ ನಗುವಿನ ಬಗ್ಗೆ ಷಡಕ್ಷರಪ್ಪನವರಿಗೆ ಮೊದಲಿಂದಲೂ ಗುಮಾನಿ. ಕಾರಣವಿಲ್ಲದೆ ಯಾರೂ ಅಷ್ಟು ನಗುವುದಿಲ್ಲ.

ಅಷ್ಟರಲ್ಲಿ ಒಳಗಿನಿಂದ ಸ್ಫೂರ್ತಿ ಕೂಗಿದಳು. "ಅಪ್ಪಾ, ಪೇಜ್ ಓಪನ್ ಆಯ್ತು!"

"ಕಂಡ್ರಾ ಭೈರಪ್ಪನೋರೇ? ಅವನ ಕೈತಪ್ಪಿದ ಕೂಡ್ಲೇ ನಮಗೆ ಬಂತು" ಎಂದು ಷಡಕ್ಷರಪ್ಪ ಒಳಗೆ ಹೋಗಿ ಮತ್ತೆ ಸ್ವಿಚ್ ಹಾಕಿದರು. ಸ್ವಲ್ಪ ಹೊತ್ತಿಗೆ ಚಕ್ರ ಮತ್ತೆ ಸುತ್ತತೊಡಗಿದಾಗ ಅವರಿಗೆ ಉಳಿದಿದ್ದ ಒಂದಿಷ್ಟು ಸಂದೇಹವೂ ಹೋಯಿತು.

ನಮ್ಮ ಜಿಲ್ಲೆಯಲ್ಲಿ ಕಳ್ಳನಿಗೆ ಪೊಲೀಸಿಗಿಂತ ಭಯ ಹುಟ್ಟಿಸುವುದು ದೇವಿಯ ಕಾವಲಿನ ಬೋರ್ಡು. ತೋಟಕ್ಕೆ, ಪಂಪ್‌ಸೆಟ್ಟಿಗೆ, ಕಟ್ಟುತ್ತಿರುವ ಮನೆಗೆ, ಎಲ್ಲಕ್ಕೂ ಅದನ್ನು ತೂಗುಹಾಕುವುದುಂಟು. ಅದನ್ನು ಓದಿದ ಮೇಲೂ ಕೈ ಹಾಕುವ ಧೈರ್ಯ ಯಾರಿಗೂ ಇಲ್ಲ. ಷಡಕ್ಷರಪ್ಪನವರ ಹಿತ್ತಿಲಿನ ತೆಂಗಿನ ಮರಕ್ಕೂ ಒಂದು ಇತ್ತು. ಮಧ್ಯಾಹ್ನ ಅದನ್ನು ಬಿಚ್ಚಿ ತಂದರು. "ಇಲ್ಲಿರುವ ಸೊತ್ತಿಗೆ ಚೌಡೇಶ್ವರಿ ದೇವಿಯ ಕಾವಲಿದೆ" ಎಂಬ ಸಾಲಿನ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ "ಬ್ರಾಡ್‌ಬ್ಯಾಂಡಿಗೂ ಸೇರಿ" ಎಂದು ಬರೆದು, ರೇಣುಕಾಪ್ರಸಾದರ ಮನೆಯ ಕಡೆ ಮುಖ ಮಾಡಿ ಕಾಂಪೌಂಡಿಗೆ ಮೊಳೆ ಹೊಡೆದರು. ಕೈಮುಗಿದು, ಕದ್ದವರನ್ನು ನೀನೇ ನೋಡಿಕೊಳ್ಳಮ್ಮಾ ಎಂದು ಗಟ್ಟಿಯಾಗಿ ಬೇಡಿಕೊಂಡರು.

ಮೊಳೆಯ ಸದ್ದಿಗೆ ರೇಣುಕಾಪ್ರಸಾದ್ ಹೊರಗೆ ಬಂದರು. ಬೋರ್ಡು ಓದಿದರು. ನಗು ಮಾಯವಾಯಿತು.

"ಸಾರ್, ಇದು ನಮ್ಮನೆ ಕಡೆಗೇ ಮುಖ ಮಾಡಿದೆಯಲ್ಲ?"

"ಯಾವ ಕಡೆ ಮುಖ ಮಾಡ್ಬೇಕು ಅಂತ ದೇವಿಗೆ ಗೊತ್ತು."

"ಮೊಳೆ ಹೊಡೆದಿದ್ದು ನೀವಲ್ವಾ ಸಾರ್?"

ಜಗಳದ ವಾಸನೆ ಬಡಿದು ಶೇಷಮ್ಮ ಅವರೆಕಾಳಿನ ಮೊರದ ಸಮೇತ ಬಂದರು. ಭೈರಪ್ಪ ಮೊದಲೇ ಬಂದಿದ್ದರು.

"ಬೆಳಿಗ್ಗೆ ನಾನು ಸ್ವಿಚ್ ಆರಿಸಿದ ಕೂಡ್ಲೇ ಅಯ್ಯಯ್ಯೋ ಅಂತ ಕೂಗಿದ್ದು ಯಾರು?" ಎಂದರು ಷಡಕ್ಷರಪ್ಪ.

"ನಾನೇ. ವಿಕೆಟ್ ಹೋಯ್ತು."

"ನಾನು ಸ್ವಿಚ್ ಆರಿಸಿದ್ರೆ ವಿಕೆಟ್ ಹೋಗುತ್ತಾ?"

"ಅಲ್ಲ ಸಾರ್, ನಿಮ್ಮ ನೆಟ್ ಕದ್ದು ನಾನೇನ್ ಮಾಡ್ಲಿ? ನಮ್ಮನೇಲೂ ಬ್ರಾಡ್‌ಬ್ಯಾಂಡ್ ಇದೆಯಲ್ಲ. ಮಳೆಗಾಲದಿಂದಲೇ ಇದೆ."

ಷಡಕ್ಷರಪ್ಪನವರು ಆ ಮನೆಯ ಕಡೆ ಕತ್ತೆತ್ತಿ ನೋಡಿದರು. ಬೀದಿಯ ಎಲ್ಲರ ಮೇಲೂ ಕಣ್ಣಿಟ್ಟಿದ್ದ ತಮಗೆ ಇದು ಹೇಗೆ ತಪ್ಪಿತು? ರೇಣುಕಾಪ್ರಸಾದ್ ದನಿ ತಗ್ಗಿಸಿ ಹತ್ತಿರ ಬಂದರು. "ನಿಜ ಹೇಳ್ಬೇಕೂಂದ್ರೆ ನಮ್ಮದೂ ಒಂದು ವಾರದಿಂದ ಬಹಳ ಸ್ಲೋ ಸಾರ್. ಯಾರೋ ಸೇರ್ಕೊಂಡಿರ್ಬೋದು ಅಂತ ನನಗೂ ಅನುಮಾನ. ಹೇಳೋಕೆ ಸಂಕೋಚ ಆಗಿ ಸುಮ್ಮನಿದ್ದೆ."

"ಪಾಸ್‌ವರ್ಡ್ ಹಾಕಿದೀರಾ?"

"ಅದೇನೂ ಹಾಕಿಲ್ಲ. ಕಂಪನಿಯೋರು ಹೇಗೆ ಕೊಟ್ರೋ ಹಾಗೇ ಇದೆ."

ಷಡಕ್ಷರಪ್ಪ ಹಣೆ ಚಚ್ಚಿಕೊಂಡರು. ಶತ್ರು ಒಂದೇ ಮಾತಿಗೆ ಮಿತ್ರನಾಗಿಬಿಟ್ಟ. ಇಬ್ಬರ ಮನೆಗೂ ಕನ್ನ ಹಾಕುತ್ತಿರುವವನು ಬೇರೆ ಯಾರೋ ಇದ್ದಾನೆ! ಪುರವಣಿಯಲ್ಲಿ ಓದಿದ್ದೆಲ್ಲ ಅವರ ಬಾಯಿಂದ ಹರಿಯತೊಡಗಿತು. "ಕಂಪನಿ ಕೊಟ್ಟ ಹಾಗೆ ಇಟ್ಕೊಳ್ಳೋದು ಅಂದ್ರೆ ಬಾಗಿಲು ತೆರೆದು ಮಲಗಿದ ಹಾಗೆ ಕಣ್ರೀ. ಮೊದಲು ಪಾಸ್‌ವರ್ಡ್ ಹಾಕ್ಬೇಕು. ಹೆಂಡತಿ ಹೆಸರು ಇಡ್ಬಾರ್ದು, ಹುಟ್ಟಿದ ತಾರೀಕು ಇಡ್ಬಾರ್ದು, ಅಕ್ಷರ ಅಂಕಿ ಎರಡೂ ಬೆರೆಸ್ಬೇಕು. ಯಾರಿಗೂ ಹೇಳ್ಬಾರ್ದು. ಅಕ್ಕಪಕ್ಕದೋರಿಗಂತೂ ಪ್ರಾಣ ಹೋದ್ರೂ ಹೇಳ್ಬಾರ್ದು. ನಡೀರಿ, ಈಗ್ಲೇ ಹಾಕೋಣ. ನೀವು ಬೀಗ ಹಾಕಿದ ಕೂಡ್ಲೇ ಆ ಕಳ್ಳನ ಮನೇಲಿ ಕಿರುಚಾಟ ಕೇಳ್ಸುತ್ತೆ, ನೋಡ್ತಿರಿ!"

"ಬೆಳಿಗ್ಗೆ ನಾನೂ ಅದೇ ಹೇಳಿದ್ದು" ಎಂದರು ಭೈರಪ್ಪ.

ಎಲ್ಲರೂ ರೇಣುಕಾಪ್ರಸಾದರ ನಡುಮನೆಗೆ ನುಗ್ಗಿದರು. ಆಗ ನಾಲ್ಕು ಗಂಟೆ ದಾಟಿತ್ತು. ರೇಣುಕಾಪ್ರಸಾದ್ ಕಂಪ್ಯೂಟರಿನ ಮುಂದೆ ಕೂತು ಪಾಸ್‌ವರ್ಡಿನ ಜಾಗ ಹುಡುಕಿದರು. ಷಡಕ್ಷರಪ್ಪ ಕೈ ಎತ್ತಿದರು.

"ತಡೀರಿ! ಹೊಡೆಯುವಾಗ ಯಾರೂ ನೋಡ್ಬಾರ್ದು. ಎಲ್ರೂ ಗೋಡೆ ಕಡೆ ತಿರುಗಿ. ಶೇಷಮ್ಮನೋರೇ, ನೀವೂ."

"ನನಗೆ ಹತ್ತಿರದ್ದು ಕಣ್ಣೇ ಕಾಣಲ್ಲ ಮಾರಾಯ."

"ಕಾಣದೇ ಇದ್ರೂ ತಿರುಗಿ. ನಿಯಮ ಅಂದ್ರೆ ನಿಯಮ."

ಮೊರ ಹಿಡಿದ ಶೇಷಮ್ಮ, ಕೈಕಟ್ಟಿದ ಭೈರಪ್ಪ, ಮುಂದಾಳು ಷಡಕ್ಷರಪ್ಪ, ಮೂವರೂ ಗೋಡೆಗೆ ಮುಖ ಮಾಡಿ ನಿಂತರು. ಹಿಂದೆ ಕೀಲಿಗಳು ಟಕಟಕ ಎಂದವು. "ಆಯ್ತು ಸಾರ್, ಬೀಗ ಬಿತ್ತು" ಎಂದರು ರೇಣುಕಾಪ್ರಸಾದ್.

"ಶ್! ಈಗ ಕಿವಿ ಕೊಟ್ಟು ಕೇಳಿ" ಎಂದರು ಷಡಕ್ಷರಪ್ಪ.

ಬೀದಿ ಮೌನವಾಗಿತ್ತು. ಪಕ್ಕದ ಮನೆಯಿಂದ ಕಿರುಚಾಟ ಕೇಳಿಸಿತು.

"ಅಪ್ಪಾ! ನೆಟ್ ಹೋಯ್ತು! ಸಬ್‌ಮಿಟ್ ಒತ್ತೋ ಹೊತ್ತಿಗೆ ಹೋಯ್ತು ಅಪ್ಪಾ!"

ಭೈರಪ್ಪ ನಿಧಾನವಾಗಿ ಷಡಕ್ಷರಪ್ಪನವರ ಕಡೆ ತಿರುಗಿದರು. ಶೇಷಮ್ಮನೂ ತಿರುಗಿದರು. ಷಡಕ್ಷರಪ್ಪನವರು, "ಕಳ್ಳ... ಕಳ್ಳ ನಮ್ಮ ಮನೆಗೇ ನುಗ್ಗಿರ್ಬೇಕು" ಎಂದು ತೊದಲಿದರು.

ಅದೇ ಹೊತ್ತಿಗೆ ಅವರ ಮನೆಯ ಟೆಲಿಫೋನ್ ಹೊಡೆದುಕೊಂಡಿತು. ಎತ್ತಿಕೊಂಡ ಜಯಶೀಲಾ ಮಾತು ಮುಗಿಸಿ, ನೇರ ಕಾಂಪೌಂಡಿನ ಬಳಿ ಬಂದು, ಇಡೀ ಬೀದಿಗೆ ಕೇಳುವಂತೆ ವರದಿ ಒಪ್ಪಿಸಿದರು.

"ರೀ, ಬ್ರಾಡ್‌ಬ್ಯಾಂಡ್ ಆಫೀಸೋರು! ನಮ್ಮ ಲೈನ್ ಸೋಮವಾರ ಕೊಡ್ತಾರಂತೆ. ಇಲ್ಲೀವರೆಗೂ ಕೊಟ್ಟೇ ಇಲ್ಲವಂತೆ, ತಡ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಂದ್ರು. ಪೆಟ್ಟಿಗೆ ಇನ್ನೂ ಖಾಲಿಯಂತೆ. ಲೈನ್ ಸಿಗೋವರೆಗೂ ಆ ದೀಪ ಹುಡುಕ್ತಾ ಮಿಣುಕ್ತಾನೇ ಇರುತ್ತಂತೆ, ಗಾಬರಿ ಆಗ್ಬೇಡಿ ಅಂತ ಹೇಳಿದ್ರು!"

ಹೇಳಿ ಮುಗಿಸಿದ ಮೇಲೆ ಅವರಿಗೇ ಅದರ ಅರ್ಥ ಹೊಳೆಯಿತು. ಒಂದು ವಾರದಿಂದ ತಮ್ಮ ಮನೆಗೆ ಬರುತ್ತಿದ್ದ ನೆಟ್ ಯಾರದು? ಕಣ್ಣು ನೇರ ಬೋರ್ಡಿನ ಮೇಲೆ ಹೋಯಿತು. "ಅಯ್ಯೋ ತಾಯಿ, ಗೊತ್ತಿಲ್ದೆ ಆಗಿದ್ದು, ಹೊಟ್ಟೆಗೆ ಹಾಕ್ಕೋ" ಎಂದು ಗಲ್ಲ ಬಡಿದುಕೊಳ್ಳುತ್ತಾ ಮೊಳೆಸಮೇತ ಅದನ್ನು ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದರು.

ನಡುಮನೆಯಲ್ಲಿ ರೇಣುಕಾಪ್ರಸಾದ್ ಎರಡು ಮಾತು ಬೈದಿದ್ದರೆ ಷಡಕ್ಷರಪ್ಪನವರಿಗೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಆ ಮನುಷ್ಯ ಬೈಯಲಿಲ್ಲ. ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಾಗಿಲಿಗೆ ಬಂದ ಸ್ಫೂರ್ತಿಯ ಕಣ್ಣು ತುಂಬಿತ್ತು. ಐದಕ್ಕೆ ಇನ್ನು ಅರ್ಧ ಗಂಟೆಯೂ ಇರಲಿಲ್ಲ. ಷಡಕ್ಷರಪ್ಪನವರು ಮಗಳ ಮುಖ ನೋಡಿದರು. ಜೀವನದಲ್ಲಿ ಯಾರ ಬಳಿಯೂ ಏನನ್ನೂ ಕೇಳದವರು ಎರಡು ಹೆಜ್ಜೆ ಮುಂದೆ ಬಂದರು.

"ಪ್ರಸಾದ್ ಅವರೇ, ಆ... ಆ ಪಾಸ್‌ವರ್ಡ್ ಒಂಚೂರು..."

"ಪ್ರಾಣ ಹೋದ್ರೂ ಹೇಳ್ಬಾರ್ದು ಅಂದ್ರಿ" ಎಂದರು ಶೇಷಮ್ಮ.

"ಅದಕ್ಕೇನಂತೆ, ಬಾರಮ್ಮ ಸ್ಫೂರ್ತಿ" ಎಂದರು ರೇಣುಕಾಪ್ರಸಾದ್. "ಇಲ್ಲೇ ಕೂತ್ಕೊ. ನಿನ್ನ ಲ್ಯಾಪ್‌ಟಾಪಿಗೂ ನಾನೇ ಹೊಡೆದುಕೊಡ್ತೀನಿ. ಮೊದಲು ಅರ್ಜಿ ಹೋಗ್ಲಿ."

ಸ್ಫೂರ್ತಿ ಕಣ್ಣೊರೆಸಿಕೊಂಡು ಕೂತಳು. ಷಡಕ್ಷರಪ್ಪನವರು ಧಾವಂತದಿಂದ ಅವಳ ಹಿಂದೆ ಹೋಗಿ ನಿಲ್ಲಲು ನೋಡಿದರು. ಗೇಟಿನಲ್ಲಿ ಮೂವತ್ತು ವರ್ಷ ಅಡ್ಡಗಟ್ಟಿ ಪಳಗಿದ ಒಂದು ಕೈ ಅವರ ಎದೆಗೆ ಅಡ್ಡ ಬಂತು.

"ತಪ್ಪು ತಿಳ್ಕೋಬೇಡಿ ಸಾರ್" ಎಂದರು ಭೈರಪ್ಪ. "ಅವರು ಪಾಸ್‌ವರ್ಡ್ ಹೊಡೀತಿದಾರೆ. ನೀವು ಆ ಕಡೆ ತಿರುಗಿ."

ಷಡಕ್ಷರಪ್ಪ ತಿರುಗಿದರು. ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದಿತ್ತು. ಹಿಂದೆ ಕೀಲಿಗಳ ಸದ್ದು, ನಡುವೆ ಮೌನ, ಮತ್ತೆ ಸದ್ದು. ಕೊನೆಗೆ ಸ್ಫೂರ್ತಿ, "ಅಪ್ಪಾ, ಆಯ್ತು! ಹೋಯ್ತು ಅರ್ಜಿ!" ಎಂದು ಚಪ್ಪಾಳೆ ತಟ್ಟಿದಳು. ರೇಣುಕಾಪ್ರಸಾದ್ ನಕ್ಕದ್ದು ಕೇಳಿಸಿತು. ಶೇಷಮ್ಮ ಸಿಹಿ ಏನು ಮಾಡಿಸುತ್ತೀರಿ ಎಂದು ಕೇಳಿದರು. ಷಡಕ್ಷರಪ್ಪನವರ ಜೀವಕ್ಕೆ ಜೀವ ಬಂತು.

ಆದರೂ ಅವರು ಗೋಡೆಯ ಕಡೆಯೇ ನಿಂತಿದ್ದರು. ಇನ್ನು ಈ ಕಡೆ ತಿರುಗಬಹುದು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಅವರು ತಿರುಗುತ್ತಿದ್ದರು ಎನ್ನುವಂತಿರಲಿಲ್ಲ.