ಹದಿನೇಳನೆಯ ನಂಬರಿನ ಕುರ್ಚಿ

ಮಾವನಿಗೆ ಮೊಣಕಾಲು ನೋವಿರದಿದ್ದರೆ ಗುಮಾಸ್ತ ಮಲ್ಕಪ್ಪನಿಗೆ ಈ ಫಜೀತಿ ಬರುತ್ತಿರಲಿಲ್ಲ. ಅಫಜಲಪುರದಿಂದ ಬಂದ ಆ ಹಿರಿಯರು ನೆಲದ ಮೇಲೆ ಕೂರಲಾರರೆಂದು ಕಚೇರಿಯ ಮರದ ಕುರ್ಚಿಯೊಂದನ್ನು ಯಾರಿಗೂ ಹೇಳದೆ ಮನೆಗೆ ತಂದ. ಮಾವ ಮೂರು ದಿನಕ್ಕೆ ಊರಿಗೆ ಹೋದರು. ಕುರ್ಚಿ ಮಾತ್ರ ಹದಿನೈದು ದಿನವಾದರೂ ಹೋಗಲಿಲ್ಲ. ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ಹದಿನೇಳು ಎಂದು ನಂಬರು ಬೇರೆ ಇತ್ತು. ಸೋಮವಾರ ಗುಲಬರ್ಗಾದ ಸಾಹೇಬರು ಸಾಮಾನು ತಪಾಸಣೆಗೆ ಬರುವವರಿದ್ದರು. ಕುರ್ಚಿ ಇಲ್ಲದಿದ್ದರೆ ನೌಕರಿಗೇ ಸಂಚಕಾರ.

ರವಿವಾರ ಹೋಳಿ ಹುಣ್ಣಿಮೆ. ಮಲ್ಕಪ್ಪನಿದ್ದ ಆಳಂದದ ಓಣಿಗೆ ಅಂದು ಹುಚ್ಚು ಹಿಡಿಯುತ್ತದೆ. ಬೆಳಗಿನಿಂದ ಹಲಗೆಯ ಬಡಿತ, ಬೊಬ್ಬೆ. ಸಂಜೆ ಕಾಮನನ್ನು ಸುಡಲು ಕಟ್ಟಿಗೆಯನ್ನು ಕದ್ದೇ ತರಬೇಕು. ರಾಶಿಗೆ ಬಿದ್ದದ್ದನ್ನು ಮಾಲೀಕ ವಾಪಸು ಕೇಳುವಂತಿಲ್ಲ, ಬೈಯುವಂತೆಯೂ ಇಲ್ಲ. ಹೋದ ವರ್ಷ ಎದುರುಮನೆಯ ನಿಂಬೆವ್ವನ ಬಾಗಿಲೇ ಹೋಗಿ, ಪಾಪ, ಬೇಸಿಗೆಯಿಡೀ ಆಕೆ ಬಾಗಿಲಿಗೆ ಕೌದಿ ಕಟ್ಟಿಕೊಂಡಿದ್ದಳು.

ಕುರ್ಚಿಯನ್ನು ಕಚೇರಿಗೆ ಸೇರಿಸೋಣವೆಂದರೆ ಕೀಲಿಕೈ ಜವಾನ ಶರಫುದ್ದೀನನ ಬಳಿ, ಶರಫುದ್ದೀನ ಹಲಗೆ ಬಾರಿಸುವವರ ಜೊತೆ. ಮಲ್ಕಪ್ಪ ಕುರ್ಚಿಯ ಮೇಲೆ ಕೂತೇಬಿಟ್ಟ. ಚಹಾ ಅಲ್ಲೇ, ರೊಟ್ಟಿ ಅಲ್ಲೇ.

"ಎಲ್ಲ್ಯಾರ ಬಚ್ಚಿಡ್ರಿ," ಎಂದಳು ಹೆಂಡತಿ ಸುಂದರಬಾಯಿ.

"ಒಂದ ಖೋಲಿ ಮನಿ. ನಿನ್ನ ಸೆರಗಿನಾಗ ಬಚ್ಚಿಡ್ಲೇನು?"

ನಿಂಬೆವ್ವ ಒಳಗೆ ಇಣುಕಿದಳು. "ಯಾಕಪಾ, ಮುಂಜಾನಿಂದ ಎದ್ದಿಲ್ಲ? ಸ್ವಂಟ ಹಿಡದದೇನು?"

"ಹೂನವ್ವ," ಎಂದು ಮಲ್ಕಪ್ಪ ಸುಳ್ಳು ಹೇಳಿ ಕೆಟ್ಟ. ಆಕೆ ಒಲೆಯಲ್ಲಿ ಇಟ್ಟಿಗೆ ಕಾಯಿಸಿ ತಂದು, ಅರಿವೆ ಸುತ್ತಿ, ಸೊಂಟಕ್ಕೆ ಒತ್ತಿಯೇಬಿಟ್ಟಳು. ಅವನು ಜಂತಿಗೆ ಹಾರಿ ಮತ್ತೆ ಕುರ್ಚಿಗೇ ಬಿದ್ದ. "ನೋಡ್ದ್ಯಾ, ಆರಾಮಾತು," ಎಂದು ನಿಂಬೆವ್ವ ಹೆಮ್ಮೆಪಟ್ಟಳು.

ಮಧ್ಯಾಹ್ನಕ್ಕೆ ಹೊಟ್ಟೆ ಕೈಕೊಟ್ಟಿತು. ಬಯಲುಕಡೆಗೆ ಹೋಗದೆ ಗತಿಯಿಲ್ಲ. ಒಂದು ಕೈಯಲ್ಲಿ ಚರಿಗೆ, ತಲೆಯ ಮೇಲೆ ಕುರ್ಚಿ. ಊರಬಾಗಿಲ ಅಗಸಿಯಲ್ಲಿ ಕಾಮನ ಕಟ್ಟಿಗೆಯ ಗುಂಪು ಅಡ್ಡಗಟ್ಟಿತು. ಮುಂದಾಳು ಹಮಾಲ ದಶರಥ ಹಲಗೆ ನಿಲ್ಲಿಸಿ ಕೇಳಿದ, "ಯಾಕ್ರೀ ಮಲ್ಕಪ್ಪನವರ, ಅಲ್ಲಿಗೂ ಖುರ್ಚಿ ಬೇಕೇನ್ರಿ?"

"ಮೊಣಕಾಲು ಬ್ಯಾನಿ ಅದಪಾ. ದಾರಿ ಬಿಡು, ಅರ್ಜಂಟ್ ಅದ."

ಬಿಡುವವರು ಯಾರು? ಸುತ್ತ ಕುಣಿಯತೊಡಗಿದರು. ಶರಫುದ್ದೀನನಂತೂ ಎರಡೂ ಕೈಯಿಂದ ಹಲಗೆ ಬಡಿದ. ಮಲ್ಕಪ್ಪನಿಗೆ ತಡೆಯಲಾಗಲಿಲ್ಲ. "ಕುಂತ ಮನಷ್ಯಾನ ಖುರ್ಚಿಗಿ ಯಾಕ ಗಂಟು ಬಿದ್ದೀರಿ? ಯಾರೂ ಇಲ್ಲದ ಕಡಿ ಹೋಗ್ರಿ. ಇವತ್ತ ಎಷ್ಟ ಬಾಗಲಾ ಕೀಲಿ ಹಾಕ್ಯಾವು, ಕಣ್ಣಿಲ್ಲೇನು?"

ದಶರಥ ತುಸು ಯೋಚಿಸಿದ. "ಖರೇ ಅದ ನೋಡ್ರಿ. ಓದಿದವರು ಓದಿದವರೇ," ಎಂದು ದಾರಿ ಬಿಟ್ಟ. ಅಲ್ಲಿಂದಾಚೆಗೆ ಗುಂಪು ಮಲ್ಕಪ್ಪನ ಮನೆಯತ್ತ ತಲೆಹಾಕಲಿಲ್ಲ. ಸಂಜೆ ಕಾಮನ ಬೆಂಕಿ ಮಾಳಿಗೆಗಿಂತ ಮೇಲೆದ್ದಿತು. ತನ್ನ ಕುರ್ಚಿಯಲ್ಲಿ ಕೂತು ಅದನ್ನು ನೋಡಿದ ಮಲ್ಕಪ್ಪನಿಗೆ ಹಾಯೆನಿಸಿತು.

ಸೋಮವಾರ ಅವನು ಕುರ್ಚಿಗೆ ಚಾದರ ಸುತ್ತಿಕೊಂಡು ಬೇಗನೆ ಕಚೇರಿಗೆ ಹೋದ. ಸಾಹೇಬರು ಅವನಿಗಿಂತ ಮೊದಲೇ ಬಂದಿದ್ದರು. ನಿಂತಿದ್ದರು. ಎಲ್ಲರೂ ನಿಂತೇ ಇದ್ದರು. ಕೋಣೆ ಖಾಲಿ; ಕಿಟಕಿಯ ಕದಗಳೂ ಇರಲಿಲ್ಲ.

"ಹದಿನೆಂಟು ಖುರ್ಚಿ ಒಳಗ ಒಂದ್ ಸುದ್ದಾ ಇಲ್ಲ," ಎನ್ನುತ್ತಿದ್ದ ಸಾಹೇಬರು ತಿರುಗಿ ನೋಡಿದರು. ಅಷ್ಟರಲ್ಲಿ ಚಾದರ ಜಾರಿತು. ಹದಿನೇಳು.

ಮೂಲೆ ಹಿಡಿದು ನಿಂತಿದ್ದ ಶರಫುದ್ದೀನನಿಗೆ ಜೀವ ಬಂತು. "ಇವರೇ ರೀ ಸಾಹೇಬ್ರ. ನಿನ್ನಿ ತಲಿಮ್ಯಾಲ ಹೊತ್ಕೊಂಡ ಹೊಂಟಿದ್ರು. ಅರ್ಧ ಊರು ನೋಡ್ಯಾದ."

ಇದು ಹದಿನೈದು ದಿನದಿಂದ ಮನೆಯಲ್ಲೇ ಇತ್ತೆಂದರೆ ಒಂದು ಕಳವು, ಸುಮ್ಮನಿದ್ದರೆ ಹದಿನೆಂಟು. ಉಳಿದವು ಕಾಮನ ಬೆಂಕಿಗೆ ಹೋದವೆಂದರೆ, ಕೀಲಿ ಹಾಕಿದ ಬಾಗಿಲು ತೋರಿಸಿದವನೂ ತಾನೇ ಎಂದು ಮಲ್ಕಪ್ಪ ಲೆಕ್ಕ ಹಾಕಿದ.

"ಉಳಿದ ಹದಿನೇಳು ಎಲ್ಲಿಟ್ಟೀರಿ, ಬರದು ಕೊಡ್ರಿ," ಎಂದು ಸಾಹೇಬರು ಅವನ ಕೈಯಿಂದ ಕುರ್ಚಿ ಕಸಿದುಕೊಂಡು, ಉಸ್ಸೆಂದು ಅದರ ಮೇಲೆ ಕೂತರು.

ಮಲ್ಕಪ್ಪ ಕಾಗದ ಹಿಡಿದು, ಎಲ್ಲಿ ಕೂರುವುದೆಂದು ಸುತ್ತ ನೋಡಿದ.

"ನಿಂತೇ ಬರೀರಿ," ಎಂದರು ಸಾಹೇಬರು.