ನನ್ನ ಗಂಟು, ಅತ್ತೆಯ ಕೇಕು

ಮೂವತ್ತಾರು ವರ್ಷ ಕರಿಹಲಗೆಯ ಮೇಲೆ ನದಿಗಳನ್ನು ಹರಿಸಿದವನು ನಾನು. ನನ್ನ ನೀಲಿ ಸೀಮೆಸುಣ್ಣದ ಥೇಮ್ಸ್ ಒಂದು ಸಲವೂ ದಡ ಮೀರಿರಲಿಲ್ಲ! ಹಾಗಾಗಿ ಈ ಬೇಸಿಗೆಯಲ್ಲಿ ಸೋರ್ ನದಿಯ ಮೇಲೆ ಒಂದು ವಾರ ದೋಣಿಯಾನವೆಂದು ತೀರ್ಮಾನವಾದೊಡನೆ ಮನೆಯಲ್ಲಿ ಘೋಷಿಸಿದೆ: "ದೋಣಿಗೆ ನಾಯಕ ನಾನು. ನೀವಿಬ್ಬರೂ ಚಹ ಕುಡಿಯುತ್ತಾ ಕೂತಿರಿ, ಸಾಕು."

ಇಬ್ಬರೆಂದರೆ ಹೆಂಡತಿ ಮ್ಯೂರಿಯಲ್, ಅವಳ ತಾಯಿ ಹಿಲ್ಡಾ. ಅತ್ತೆಗೆ ಆ ಗುರುವಾರ ಎಂಬತ್ತೆಂಟು ತುಂಬುವುದಿತ್ತು. ಅವರು ಹುಟ್ಟಿದ್ದೇ ಕಲ್ಲಿದ್ದಲು ಸಾಗಿಸುವ ದೋಣಿಯೊಂದರಲ್ಲಿ, ಇದೇ ನದಿಯಲ್ಲಿ ದೋಣಿ ನಿಲ್ಲಿಸುವ ಹಳೆಯ ಕಟ್ಟೆಯೊಂದರ ಬಳಿ. ಅದೇ ಕಟ್ಟೆಯಲ್ಲಿ ನಾಲ್ಕು ಗಂಟೆಗೆ ಕೇಕ್ ಕತ್ತರಿಸಬೇಕೆಂಬುದೊಂದೇ ಅವರ ಆಸೆ. ಮ್ಯೂರಿಯಲ್ ಎರಡು ದಿನ ಬೆವರು ಸುರಿಸಿ ಮೂರಂತಸ್ತಿನ ಕೇಕ್ ಕಟ್ಟಿದ್ದಳು.

ದೋಣಿ ಐವತ್ತೇಳು ಅಡಿ ಉದ್ದ, ಏಳಡಿ ಅಗಲ. ನಮ್ಮ ಶಾಲೆಯ ಕಾರಿಡಾರಿಗೆ ಎಂಜಿನ್ ಕೂಡಿಸಿದಂತಿತ್ತು! ಬಾಡಿಗೆಗೆ ಕೊಟ್ಟ ಕ್ಲೆಮ್ ಒಂದು ಗಂಟೆ ಪಾಠ ಹೇಳಿದ.

"ಲಾಕಲ್ಲಿ ಇಳಿಯೋವಾಗ ಹಗ್ಗ ಕಟ್ಟಬೇಡಿ ಸಾರ್. ಗೂಟಕ್ಕೆ ಒಂದು ಸುತ್ತು ಹಾಕಿ, ಕೈಯಲ್ಲೇ ಹಿಡ್ಕೊಂಡು, ನೀರು ಇಳಿದ ಹಾಗೆ ಬಿಡ್ತಾ ಹೋಗಿ."

ನಾನಾಗ ಅವನ ಗೋಡೆಯ ಫಲಕದಲ್ಲಿ ಕಾಗುಣಿತದ ತಪ್ಪು ಹುಡುಕುತ್ತಿದ್ದೆ. ಆದರೂ ತಲೆಯಾಡಿಸಿದೆ. ಹಿಂದಿನ ಬೆಂಚಿನವರು ಮೂವತ್ತಾರು ವರ್ಷ ನನ್ನ ಪಾಠಕ್ಕೆ ತಲೆಯಾಡಿಸಿದ್ದೂ ಹಾಗೆಯೇ.

ಮೊದಲ ಮೂರು ದಿನ ವಿಶೇಷವೇನಿಲ್ಲ. ಚುಕ್ಕಾಣಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆಂದು ತಿಳಿಯುವಷ್ಟರಲ್ಲಿ ನನ್ನ ಟೋಪಿ ಒಂದು ಮರದ ಪಾಲಾಗಿತ್ತು, ಅಷ್ಟೆ.

ಗುರುವಾರ ಮೂರು ಗಂಟೆಗೆ ಕೊನೆಯ ಲಾಕ್ ಬಂತು. ಲಾಕ್ ಎಂದರೆ ಎರಡು ಬಾಗಿಲುಗಳ ನಡುವಿನ ಆಳವಾದ ಕಲ್ಲಿನ ತೊಟ್ಟಿ. ಕೆಳಬಾಗಿಲಿನ ಕಿಂಡಿ ತೆರೆದರೆ ನೀರು ಇಳಿಯುತ್ತದೆ, ಜೊತೆಗೆ ದೋಣಿಯೂ. ಮ್ಯೂರಿಯಲ್ ಕಿಂಡಿ ತೆರೆಯಲು ದಡಕ್ಕೆ ಹತ್ತಿದಳು. ದೋಣಿಯ ಹಿಂಭಾಗದ ಹಗ್ಗ ನನ್ನ ಪಾಲಿಗೆ. ಒಂದು ಕೈಯಲ್ಲಿ ಚಹ. ಇನ್ನೊಂದರಲ್ಲಿ ಹಗ್ಗ ಹಿಡಿದು ಎಷ್ಟು ಹೊತ್ತು ನಿಲ್ಲುವುದು? ದಡದ ಗೂಟಕ್ಕೆ ಬಿಗಿದೇಬಿಟ್ಟೆ. ಅದೂ ಎಂಥ ಗಂಟು! ಸ್ಕೌಟ್ ಮಕ್ಕಳಿಗೆ ಇಪ್ಪತ್ತು ವರ್ಷ ಕಲಿಸಿದ್ದು; ಎಳೆದಷ್ಟೂ ಬಿಗಿಯುವಂಥದ್ದು.

ಮುಂದಿನ ಕೋಣೆಯಿಂದ ಅತ್ತೆ ಕತ್ತು ಹೊರಹಾಕಿದರು. "ಬಾಸಿಲ್, ಅದನ್ನ ಕಟ್ಟಿದೀಯೇನಪ್ಪಾ?"

"ನೀವು ಚಹ ಕುಡೀರಿ ಅತ್ತೆ."

ಅತ್ತೆ ಗಂಟನ್ನೊಮ್ಮೆ ನೋಡಿ ಒಳಗೆ ಹೋದರು.

ನೀರು ಇಳಿಯಿತು. ದೋಣಿಯ ಮೂತಿಯೂ ಇಳಿಯಿತು. ಹಿಂಭಾಗ ಮಾತ್ರ, ನನ್ನ ಸಮೇತ, ಮೇಲೆಯೇ ಉಳಿಯಿತು! ಚಹದ ಲೋಟ ಹಾರಿತು. ಒಳಗೆ ಪಿಂಗಾಣಿಯೆಲ್ಲ ಒಟ್ಟಿಗೆ ಮಾತನಾಡತೊಡಗಿತು. ನಾನು ಚುಕ್ಕಾಣಿಯನ್ನು ತಬ್ಬಿಕೊಂಡೆ.

"ಮ್ಯೂರಿಯಲ್! ನದಿಗೆ ಏನೋ ಆಗಿದೆ!"

"ನದಿಗೇನೂ ಆಗಿಲ್ಲ! ಹಗ್ಗ ಬಿಚ್ಚು!"

"ಬರ್ತಿಲ್ಲ ಕಣೇ! ತುಂಬಾ ಒಳ್ಳೇ ಗಂಟು!"

ಅವಳು ಕೆಳಗಿನ ಕಿಂಡಿಯನ್ನು ದಡಾರನೆ ಮುಚ್ಚಿ, ಏದುಸಿರು ಬಿಡುತ್ತಾ ಮೇಲ್ಬಾಗಿಲಿಗೆ ಓಡಿ, ಅಲ್ಲಿಯದನ್ನು ತೆರೆದಳು. ನೀರು ತುಂಬಿ ದೋಣಿ ಮೆಲ್ಲನೆ ಸಮನಾಯಿತು. ಗಂಟು ಮಾತ್ರ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಕೊನೆಗೆ ರಿಬ್ಬನ್ ಕಟ್ಟಿಟ್ಟಿದ್ದ ಕೇಕಿನ ಚಾಕುವಿನಿಂದಲೇ ಅದನ್ನು ಕೊಯ್ದೆ.

"ಅಮ್ಮಾ! ಕೇಕು!" ಎಂದು ಮ್ಯೂರಿಯಲ್ ಒಳನುಗ್ಗಿದಳು. ಹಿಂದೆಯೇ ನಾನು, ಬಿಳಿಚಿದ ಮುಖ ಹೊತ್ತು. ಒಡೆದ ತಟ್ಟೆಗಳ ರಾಶಿಯ ಆಚೆ, ಕಾಲನ್ನು ಗೋಡೆಗೆ ಒತ್ತಿ, ಅತ್ತೆ ಕೂತಿದ್ದರು. ತೊಡೆಯ ಮೇಲೆ ಮೂರಂತಸ್ತೂ ನೆಟ್ಟಗಿತ್ತು.

"ಗಂಟು ನೋಡಿದ ತಕ್ಷಣ ಎತ್ಕೊಂಡೆ," ಎಂದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅತ್ತೆಯ ಕಟ್ಟೆ ತಲುಪಿದೆವು. ದೋಣಿ ನಡೆಸಿದ್ದು ಮ್ಯೂರಿಯಲ್. ಕಪ್ಪೊಂದೂ ಉಳಿಯದಿದ್ದುದರಿಂದ ಪಾತ್ರೆಯಿಂದಲೇ ಸರದಿಯ ಮೇಲೆ ಚಹ ಕುಡಿದೆವು. ಹಗ್ಗದ ನಾರು ಅಂಟಿದ್ದ ಚಾಕುವನ್ನು ಒರೆಸುತ್ತಾ ಅತ್ತೆ ನಕ್ಕರು.

"ನಮ್ಮಪ್ಪ ದೋಣೀಲಿದ್ದ ನಾಯಿಗೂ ಲಾಕಲ್ಲಿ ಹಗ್ಗ ಹಿಡಿಯೋದು ಕಲಿಸಿದ್ದ ಬಾಸಿಲ್."

ನಾನು ತಲೆ ತಗ್ಗಿಸಿದೆ. "ಹಾಗಾದ್ರೆ ನನಗೂ ಕಲಿಸಿ ಅತ್ತೆ."

ಅತ್ತೆ ನನ್ನ ಕೈಗೊಂದು ದೊಡ್ಡ ತುಂಡು ಇಟ್ಟರು.

"ಕಷ್ಟ ಕಣಪ್ಪಾ. ಹೇಳಿದ್ದನ್ನ ಆ ನಾಯಿ ಕೇಳಿಸ್ಕೊಳ್ತಿತ್ತು."