ಗೋಡೆಯಾಚೆಯ ಹೆಂಡತಿ

ಗಾಳಿಯಷ್ಟು ಸೋಮಾರಿ ಇನ್ನೊಂದಿಲ್ಲ. ಅದಕ್ಕೊಂದು ಮಾತು ಕೊಟ್ಟರೆ ಅರ್ಧ ದಾರಿಯಲ್ಲೇ ಚೆಲ್ಲಿಬಿಡುತ್ತದೆ. ನೀರು ವಾಸಿ. ಕಲ್ಲು, ಕಬ್ಬಿಣಗಳಂತೂ ಸದ್ದನ್ನು ಹೊತ್ತು ಓಡುತ್ತವೆ. ಇದು ನನಗೆ ಗೊತ್ತಿರಲೇಬೇಕು. ಗುಜರಾತಿನ ಚಾಂದ್‌ಖೇಡಾದ ತೈಲ ಕಂಪನಿಯಲ್ಲಿ ಭೂಮಿಯೊಳಕ್ಕೆ ಸದ್ದು ಕಳಿಸಿ, ಬಂಡೆಗಳು ಮರಳಿಸಿದ್ದನ್ನು ಓದುವುದೇ ನನ್ನ ಹೊಟ್ಟೆಪಾಡು. ಹೆಂಡತಿಯ ಮನಸ್ಸಿನಲ್ಲಿ ಏನಿದೆಯೆಂದು ಓದಲು ಮಾತ್ರ ಯಾವ ಯಂತ್ರವೂ ಇರಲಿಲ್ಲ. ಒಂದು ತೆಳು ಗೋಡೆಯಿತ್ತು.

ಹಳೆಯ ಕ್ವಾರ್ಟರ್ಸಿನಲ್ಲಿ ನಮಗೂ ಪಕ್ಕದ ಕಾಂತಾಬೆನ್‌ಗೂ ನಡುವೆ ಒಂದೇ ಇಟ್ಟಿಗೆಯ ಅಂತರ. ಸಂಜೆ ಹೆಂಡತಿ ಸರೋಜಾ ಅಲ್ಲಿ ಚಹಾಕ್ಕೆ ಹೋದರೆ ನಾನು ಇಲ್ಲಿ ಪೇಪರ್ ಹಿಡಿದು ಗೋಡೆಗೆ ಕಿವಿ ಆನಿಸುತ್ತಿದ್ದೆ. ಅವಳ ಹರುಕುಮುರುಕು ಗುಜರಾತಿಯಲ್ಲಿ ನನ್ನ ತಪ್ಪುಗಳೆಲ್ಲ ಸ್ಪಷ್ಟವಾಗಿ ಬರುತ್ತಿದ್ದವು. ಅವಳು ಮರಳುವಷ್ಟರಲ್ಲಿ ಮರೆತ ಸೊಪ್ಪು ತಂದಿರುತ್ತಿದ್ದೆ, ಅವಳ ತಮ್ಮನಿಗೆ ಫೋನ್ ಮಾಡಿರುತ್ತಿದ್ದೆ. ‘ನಮ್ಮವರಿಗೆ ಏನೂ ಹೇಳೂದ ಬೇಕಾಗಂಗಿಲ್ಲ’ ಎಂದು ಅವಳು ಧಾರವಾಡದ ತವರಿನಲ್ಲೆಲ್ಲ ಹೊಗಳಿದ್ದಳು. ನಾನೂ ಮೀಸೆ ತಿರುವಿದ್ದೆ.

ಬಡ್ತಿ ಸಿಕ್ಕಿತು, ದಪ್ಪ ಗೋಡೆಯ ದೊಡ್ಡ ಕ್ವಾರ್ಟರ್ಸ್ ಸಿಕ್ಕಿತು. ಅಲ್ಲಿಗೆ ಹೋಗಿ ಒಂದು ವಾರದೊಳಗೇ ಸರೋಜಾ ಮಾತು ನಿಲ್ಲಿಸಿದಳು. ಬಡಿಸುವಳು, ಮಾತಿಲ್ಲ. ತಿನ್ನಲು ಗರಿಗರಿ ಫಾಫಡಾ ತಂದೆ, ಸೋರುವ ನಲ್ಲಿ ಸರಿಮಾಡಿಸಿದೆ, ಮಲ್ಲಿಗೆಯನ್ನೂ ತಂದೆ. ಹೂವು ದೇವರ ಪಾಲಾಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವಳ ಮಾತಿಲ್ಲದ ಮನೆ ನನಗೆ ಬೇಡವಾಗಿತ್ತು. ಕೊನೆಗೆ ಸ್ಕೂಟರ್ ಹತ್ತಿ ಕಾಂತಾಬೆನ್ ಬಾಗಿಲಿಗೇ ಹೋಗಿ, ‘ಸರೋಜಾಗೆ ಯಾಕೆ ಸಿಟ್ಟು?’ ಎಂದು ಹಿಂದಿಯಲ್ಲಿ ಕೇಳಿದೆ. ಆಕೆ ಬಿದ್ದು ಬಿದ್ದು ನಕ್ಕರು. ‘ಅರೆ ಭಾಯಿ, ಘರೆ ಜಈನೆ ಪೂಛೋ ನೆ!’ ಮನೆಗೆ ಹೋಗಿ ಕೇಳಬೇಕಂತೆ. ಇಷ್ಟು ಸುಲಭದ ಉಪಾಯ ನನಗೆ ಹೊಳೆದೇ ಇರಲಿಲ್ಲ.

ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ, ಗೋಡೆಯ ಗುಟ್ಟನ್ನೂ ಒಪ್ಪಿಕೊಂಡೆ.

‘ಗೊತ್ತಿತ್ರೀ,’ ಅಂದಳು, ಲಟ್ಟಣಿಗೆ ಕೆಳಗಿಟ್ಟು. ‘ಅದಕ್ಕ ಅಲ್ಲಿ ಗ್ವಾಡಿಗೆ ಬೆನ್ನು ಹಚ್ಚಿ ಕೂಡ್ತಿದ್ದೆ. ಎದುರಿಗೆ ಹೇಳಿದ್ರ ನೀವೆಲ್ಲಿ ಕೇಳ್ತೀರಿ? ಕಲ್ಲು ಮಣ್ಣಿನ್ಯಾಗಿಂದ ಬಂದದ್ದಷ್ಟ ನಿಮ್ಮ ಕಿವಿಗೆ ಬೀಳ್ತದ.’

‘ಮತ್ತ ಈಗ್ಯಾಕ ಸಿಟ್ಟು?’

‘ಕಾಂತಾಬೆನ್‌ನ ಬಿಟ್ಟು ಬರೋ ಮನಸ್ಸು ನನಗಿತ್ತೇನು? ಈ ಮನಿ ಬೇಕೇನು ಅಂತ ಒಂದು ಮಾತು ಕೇಳಿದ್ರೇನು?’ ಕಣ್ಣು ತುಂಬಿಕೊಂಡೇ ನಕ್ಕಳು. ನನಗೆ ಜೀವ ಬಂದಂತಾಯಿತು.

ಮರುದಿನ ಆಫೀಸಿನಲ್ಲಿ ಯಾರೋ ವಿಚಾರಿಸಿದರು: ಹೊಸ ಮನೆ ಹೇಗಿದೆ?

‘ಇರಿ,’ ಅಂದೆ, ‘ಮನೆಯಲ್ಲಿ ಕೇಳಿ ಹೇಳ್ತೀನಿ.’